ಬಷೀರ್‌ಬಾಗ್‌ನಲ್ಲಿ ವಿರಮಿಸಿದ ಸ್ವರ: ಉಸ್ತಾದ್ ಬಡೇ ಗುಲಾಮ್ ಅಲಿ ಖಾನ್

ನಮ್ಮ ಹೈದರಾಬಾದ್ ನಗರದ ಬಷೀರ್‌ಬಾಗ್‌ನ ಮುಖ್ಯ ರಸ್ತೆಗೆ ಉಸ್ತಾದ್ ಬಡೇ ಗುಲಾಮ್ ಅಲಿ ಖಾನ್ ಮಾರ್ಗವೆಂಬ ಹೆಸರಿದೆ. ಕಾಚಿಗುಡ, ಸುಲ್ತಾನ್ ಬಜಾರ್‌ಗಳ ಸುತ್ತ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ದಾರಿ ಅಪರಿಚಿತವಲ್ಲ. ಆದರೆ ಹಿಂದೂಸ್ತಾನಿ ಸಂಗೀತದ ಈ ಮಹಾಗಾಯಕರು ತಮ್ಮ ಕಡೆಯ ದಿನಗಳನ್ನು ಕಳೆದದ್ದು ಇದೇ ಬಷೀರ್‌ಬಾಗ್‌ನಲ್ಲಿ ಎಂಬುದನ್ನು ನಮ್ಮ ಎಳೆಯರಲ್ಲಿ ಎಷ್ಟು ಮಂದಿ ಬಲ್ಲರು?

ಖಾನ್ ಸಾಹೇಬರು 1902ರಲ್ಲಿ ಅವಿಭಜಿತ ಪಂಜಾಬಿನ ಕಸೂರಿನಲ್ಲಿ ಜನಿಸಿದರು. ತಂದೆ ಅಲಿ ಬಕ್ಷ್ ಖಾನ್ ಗಾಯಕರು. ಚಿಕ್ಕಪ್ಪ ಕಾಲೇ ಖಾನ್ ಪಟಿಯಾಲ ಪರಂಪರೆಯ ಖ್ಯಾತ ವಿದ್ವಾಂಸರು. ಬಾಲಕನ ಶಿಕ್ಷಣ ಅವರಲ್ಲಿಯೇ ಮೊದಲಾಯಿತು. ವೃತ್ತಿಜೀವನದ ಆರಂಭದಲ್ಲಿ ಸಾರಂಗಿ ನುಡಿಸುತ್ತಿದ್ದ ಅವರು ಕ್ರಮೇಣ ಗಾಯನದಲ್ಲಿ ಹೆಸರು ಗಳಿಸಿದರು. 1944ರಲ್ಲಿ ಮುಂಬಯಿಯ ಸಂಗೀತ ಸಮ್ಮೇಳನದಲ್ಲಿ ಹಾಡಿದ ನಂತರ ಅವರ ಕೀರ್ತಿ ದೇಶದ ಉದ್ದಗಲಕ್ಕೂ ಹಬ್ಬಿತು.

ಕಿರಾಣ ಘರಾನೆಯ ವಿಸ್ತಾರವಾದ ಆಲಾಪಕ್ಕೆ ಕಿವಿಗೊಟ್ಟು ಬೆಳೆದ ನಮಗೆ ಖಾನ್ ಸಾಹೇಬರ ಹಾದಿ ಬೇರೆಯೆಂದು ತೋರುವುದು ಸಹಜ. ನಿಧಾನಗತಿಯ ವಿಸ್ತಾರದ ಸೊಬಗನ್ನು ಅವರು ಅರಿಯದವರಲ್ಲ. ಆದರೂ ಸಾಮಾನ್ಯ ಶ್ರೋತೃಗಳಿಗೆ ದೀರ್ಘ ಆಲಾಪ ರುಚಿಸದೆಂದು ಬಗೆದು ರಾಗದ ಸಾರವನ್ನು ಸಂಕ್ಷೇಪವಾಗಿ ಹಿಂಡಿ ಕೊಡುತ್ತಿದ್ದರು. ಮೂರು ಸಪ್ತಕಗಳಲ್ಲಿಯೂ ಅನಾಯಾಸವಾಗಿ ಸಂಚರಿಸುವ ಕಂಠ, ಮಿಂಚಿನಂತೆ ಹೊಳೆದು ಮರೆಯಾಗುವ ತಾನಗಳು, ಅದರ ಬೆನ್ನಲ್ಲೇ ಬೆಣ್ಣೆಯಂತೆ ಕರಗುವ ಠುಮರಿ: ಇವೆಲ್ಲವೂ ಒಬ್ಬರಲ್ಲಿಯೇ ಸೇರಿದ್ದವು. ಕರ್ನಾಟಕ ಸಂಗೀತದ ಮೇರು ಗಾಯಕರಾದ ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರು ಖಾನ್ ಸಾಹೇಬರ ಗಾಯನಕ್ಕೆ ಮಾರುಹೋದವರಲ್ಲಿ ಪ್ರಮುಖರು. ಸ್ವಂತ ರಚನೆಗಳಿಗೆ ಅವರು ಸಬರಂಗ್ ಎಂಬ ಅಂಕಿತವನ್ನು ಬಳಸಿದರು.

ದೇಶವಿಭಜನೆಯಾದಾಗ ಅವರ ಹುಟ್ಟೂರು ಪಾಕಿಸ್ತಾನದ ಪಾಲಾಯಿತು. ಮೊದಲು ಅಲ್ಲಿಗೆ ತೆರಳಿದರೂ ಬಳಿಕ ಭಾರತಕ್ಕೆ ಮರಳಿದರು. ಮೊರಾರ್ಜಿ ದೇಸಾಯಿಯವರ ನೆರವಿನಿಂದ 1957ರಲ್ಲಿ ಭಾರತದ ಪೌರತ್ವ ದೊರೆಯಿತು. 1960ರಲ್ಲಿ ತೆರೆಕಂಡ ‘ಮೊಗಲ್-ಎ-ಆಜಂ’ ಚಿತ್ರಕ್ಕಾಗಿ ಅವರು ಸೋಹನಿ ಹಾಗೂ ರಾಗೇಶ್ರೀ ರಾಗಗಳಲ್ಲಿ ಎರಡು ಗೀತೆಗಳನ್ನು ಹಾಡಿದರು. ಚಲನಚಿತ್ರಕ್ಕೆ ಹಾಡಲು ಒಲ್ಲದ ಅವರು, ನಿರ್ದೇಶಕ ಕೆ. ಆಸಿಫ್ ತಾವಾಗಿಯೇ ಹಿಂದೆ ಸರಿಯಲೆಂದು ಗೀತೆಯೊಂದಕ್ಕೆ 25,000 ರೂಪಾಯಿ ಕೇಳಿದರಂತೆ, ಆಸಿಫ್ ಒಡನೆ ಒಪ್ಪಿದರಂತೆ. 1962ರಲ್ಲಿ ಪದ್ಮಭೂಷಣ ಹಾಗೂ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಗಳು ಅವರಿಗೆ ಸಂದವು.

ಆದರೆ ಕೀರ್ತಿಶಿಖರದಲ್ಲಿದ್ದ ಕಾಲದಲ್ಲಿಯೇ ಕಾಯಿಲೆ ಎರಗಿತು. ಪಾರ್ಶ್ವವಾಯುವಿನಿಂದ ಶರೀರದ ಒಂದು ಭಾಗ ಸ್ವಾಧೀನ ತಪ್ಪಿತು. ಉಸಿರನ್ನೇ ಬಂಡವಾಳವಾಗಿ ಉಳ್ಳ ಗಾಯಕನಿಗೆ ಇದಕ್ಕಿಂತ ದೊಡ್ಡ ಆಘಾತವುಂಟೆ? ಆದರೂ ಖಾನ್ ಸಾಹೇಬರು ಹಾಡುವುದನ್ನು ಬಿಡಲಿಲ್ಲ. ಪುತ್ರ ಮುನವ್ವರ್ ಅಲಿ ಖಾನ್ ಅವರ ಕಂಠದ ಆಸರೆಯಿಂದ ಮತ್ತೆ ವೇದಿಕೆಯನ್ನೇರಿದರು, ಕೊನೆಯವರೆಗೂ ಹಾಡಿದರು.

ಖಾನ್ ಸಾಹೇಬರ ಗಾಯನದ ಚಿತ್ರಿಕೆಗಳು ಉಳಿದಿರುವುದು ತೀರ ಕಡಿಮೆ. ಆ ಕಪ್ಪು-ಬಿಳುಪು ಚಿತ್ರಿಕೆಗಳಲ್ಲಿ ಸ್ಥೂಲಕಾಯದ, ಹುರಿಮೀಸೆಯ ಗಾಯಕರು ಸ್ವರಮಂಡಲವನ್ನು ಮೀಟುತ್ತಾ ಕುಳಿತಿರುತ್ತಾರೆ. ಇಂದು ಅಂತರ್ಜಾಲದಲ್ಲಿ ಮನೆಯಲ್ಲಿಯೇ ಕುಳಿತು ನೋಡುವ ಅವಕಾಶ ನಮಗಿದೆ. ಇವುಗಳ ಜೊತೆಗೆ ತಂದೆ ಮಗ ಕೂಡಿ ಹಾಡಿರುವ ಧ್ವನಿಮುದ್ರಿಕೆಗಳನ್ನೂ ಕೇಳಬೇಕು. ಹಾಗೆ ಕೇಳುವಾಗ ಗಮನವನ್ನು ತಂದೆಯ ಮೇಲಷ್ಟೇ ಇರಿಸದೆ ಮಗನ ಕಡೆಗೂ ಹರಿಸಬೇಕೆಂದು ನಮ್ಮ ಸೂಚನೆ.

ಖಯಾಲ್ ಗಾಯನದಲ್ಲಿ ಸಹಗಾಯಕನ ಕೆಲಸ ಸುಲಭದ್ದಲ್ಲ. ಪ್ರಧಾನ ಗಾಯಕರು ಉಸಿರು ತೆಗೆದುಕೊಳ್ಳುವಾಗ ಆಧಾರ ಷಡ್ಜವನ್ನು ಹಿಡಿದು ನಿಲ್ಲಬೇಕು. ಅವರು ಬಿಟ್ಟ ಎಳೆಯನ್ನು ಅಲ್ಲಿಂದಲೇ ಎತ್ತಿಕೊಂಡು ಮತ್ತೆ ಅವರಿಗೇ ಒಪ್ಪಿಸಬೇಕು. ತನಗೆ ಬರುವುದೆಲ್ಲವನ್ನೂ ತೋರಹೋದರೆ ಹಿರಿಯರನ್ನು ಮೀರಿದಂತಾಗುತ್ತದೆ. ಹಿಂಜರಿದು ಸುಮ್ಮನಾದರೆ ಗಾಯನವೇ ಕುಸಿಯುತ್ತದೆ. ಹಿರಿಯರು ಅಸ್ವಸ್ಥರಾಗಿರುವಾಗಲಂತೂ ಆಸರೆಯಾಗಿದ್ದೂ ಆಸರೆಯೆಂದು ತೋರಗೊಡಬಾರದು. ಈ ಸೂಕ್ಷ್ಮ ಹೊಣೆಯನ್ನು ಮುನವ್ವರ್ ಅಲಿ ವರ್ಷಗಳ ಕಾಲ ನಿರ್ವಹಿಸಿದರು. ಗಂಗೂಬಾಯಿ ಹಾನಗಲ್ಲರ ಬಳಿ ಮಗಳು ಕೃಷ್ಣಾ, ಮಲ್ಲಿಕಾರ್ಜುನ ಮನಸೂರರ ಬಳಿ ಮಗ ರಾಜಶೇಖರ ಮನಸೂರರು ಕುಳಿತು ಹಾಡುತ್ತಿದ್ದುದನ್ನು ಕಂಡ ಕನ್ನಡಿಗರಿಗೆ ಈ ಬಾಂಧವ್ಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಾಹೋರ್, ಮುಂಬಯಿ, ಕಲ್ಕತ್ತಾಗಳಲ್ಲಿ ಬಾಳಿದ ಖಾನ್ ಸಾಹೇಬರಿಗೆ ಕಡೆಯ ಆಶ್ರಯವಿತ್ತದ್ದು ಹೈದರಾಬಾದು. ಪಾಯಿಗಾ ಮನೆತನದ ನವಾಬ್ ಜಹೀರ್ ಯಾರ್ ಜಂಗ್ ಅವರ ಆತಿಥ್ಯದಲ್ಲಿ ಬಷೀರ್‌ಬಾಗ್ ಅರಮನೆಯಲ್ಲಿದ್ದಾಗ, 1968ರ ಏಪ್ರಿಲ್ ತಿಂಗಳಿನಲ್ಲಿ ಅವರು ಕೊನೆಯುಸಿರೆಳೆದರು. ಹಳೆಯ ನಗರದ ದಾಯಿರಾ ಮೀರ್ ಮೋಮಿನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಕುತುಬ್‌ಶಾಹಿ ಅರಸರ ಮಂತ್ರಿಯಾಗಿ ಹೈದರಾಬಾದಿನ ನಿರ್ಮಾಣಕ್ಕೆ ಕಾರಣರಾದವರಲ್ಲಿ ಒಬ್ಬರಾದ ಮೀರ್ ಮೋಮಿನ್ ಮಣ್ಣಾದ ಸ್ಥಳವೂ ಅದೇ. ಗಡಿಯಾಚೆ ಹುಟ್ಟಿ, ತಾನೇ ಆಯ್ದುಕೊಂಡ ದೇಶದಲ್ಲಿ ಬಾಳಿದ ಗಾಯಕನಿಗೆ ನಗರವನ್ನು ಕಟ್ಟಿದವರ ನೆರೆಯಲ್ಲಿಯೇ ನೆಲೆ ದೊರೆತದ್ದು ಉಚಿತವೇ ಆಗಿದೆ.

ತಂದೆಯ ನಂತರ ಮುನವ್ವರ್ ಅಲಿ ಖಾನ್ 1989ರವರೆಗೆ ಬಾಳಿ ಪರಂಪರೆಯನ್ನು ಮುಂದುವರಿಸಿದರು. ಇಂದಿನ ಪ್ರಸಿದ್ಧ ಗಾಯಕ ಪಂಡಿತ್ ಅಜಯ್ ಚಕ್ರವರ್ತಿ ಅವರಲ್ಲಿ ಕಲಿತವರು. ತಂದೆಗೆ ಆಸರೆಯಾದ ಕಂಠವೇ ಹೀಗೆ ಮುಂದಿನ ತಲೆಮಾರಿಗೆ ಸೇತುವೆಯೂ ಆಯಿತು.

ಬಷೀರ್‌ಬಾಗ್‌ನ ಆ ಅರಮನೆ ಇಂದು ಇಲ್ಲ. ರಸ್ತೆಯ ಹೆಸರು ಉಳಿದಿದೆ, ಸಮಾಧಿ ಉಳಿದಿದೆ, ಧ್ವನಿ ಉಳಿದಿದೆ. ಬಿಡುವಿನ ದಿನವೊಂದರ ಸಂಜೆ ಮನೆಯ ಮಕ್ಕಳನ್ನು ಬಳಿಯಲ್ಲಿ ಕೂಡಿಸಿಕೊಂಡು ಈ ತಂದೆ ಮಗನ ಗಾಯನವನ್ನು ಕೇಳಿಸಿದರೆ, ಮುಂದೆ ಆ ರಸ್ತೆಯಲ್ಲಿ ಹಾದುಹೋಗುವಾಗ ಅವರಿಗೆ ಅದು ಬರಿಯ ಹೆಸರಾಗಿ ಉಳಿಯಲಾರದೆಂದು ನಾವು ನಂಬುತ್ತೇವೆ.