ಎದುರಾಳಿಯನ್ನು ಹಗೆಯೆಂದು ಬಗೆಯದ ಕಾರಿಗನೂರಿನ ಪಟೇಲರು



ಚುನಾವಣೆ ಬಂದು ಹೋಗುತ್ತದೆ. ಗೋಡೆಗಂಟಿಸಿದ ಭಿತ್ತಿಪತ್ರಗಳು ಮಳೆಗೆ ಕರಗಿ ಹೋಗುತ್ತವೆ. ಆದರೆ ಆ ದಿನಗಳಲ್ಲಿ ಅಣ್ಣ ತಮ್ಮನಿಗೆ ಆಡಿದ ಮಾತು, ನೆರೆಯವನು ನೆರೆಯವನ ಮುಖ ನೋಡದೆ ತಿರುಗಿಸಿಕೊಂಡ ಮೋರೆ, ಇವು ಬೇಗನೆ ಕರಗುವುದಿಲ್ಲ. ನಮ್ಮ ಕುಟುಂಬಗಳೂ ಇದಕ್ಕೆ ಹೊರತಲ್ಲ. ಒಂದೇ ಪೀಠದೆದುರು ಮೊಣಕಾಲೂರಿ ಬಲಿಪೂಜೆಯಲ್ಲಿ ಪಾಲ್ಗೊಂಡವರು ದೇವಾಲಯದ ಅಂಗಳಕ್ಕೆ ಬಂದೊಡನೆ ಪಕ್ಷದ ಹೆಸರಿನಲ್ಲಿ ಇಬ್ಭಾಗವಾಗುವುದನ್ನು ನಾವು ಕಂಡಿದ್ದೇವೆ. ಈ ನೋವು ಮನಸ್ಸಿನಲ್ಲಿರುವಾಗಲೇ, ನಮ್ಮ ಸೀಮೆಯಲ್ಲೇ ಹುಟ್ಟಿ ನಾಡನ್ನಾಳಿದ ಒಬ್ಬ ಹಿರಿಯರ ಬಾಳನ್ನು ಈ ವಾರ ಸ್ಮರಿಸಿಕೊಳ್ಳೋಣವೆಂದು ನಮಗೆ ತೋರಿತು.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಎಂದೊಡನೆ ರೈತರಿಗೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ನೆನಪಾಗುತ್ತದೆ. ಭದ್ರಾ ನಾಲೆಯ ನೀರುಂಡು ಹಸಿರಾದ ಈ ತಾಲ್ಲೂಕಿನಲ್ಲೇ ಕಾರಿಗನೂರು ಎಂಬ ಗ್ರಾಮವಿದೆ. ಜಯದೇವಪ್ಪ ಹಾಲಪ್ಪ ಪಟೇಲರು, ಅಂದರೆ ನಾಡಿಗೆಲ್ಲ ಪರಿಚಿತರಾದ ಜೆ.ಎಚ್. ಪಟೇಲರು, 1930ರ ಅಕ್ಟೋಬರ್ 1ರಂದು ಜನಿಸಿದ್ದು ಇಲ್ಲಿಯೇ. ಕಾನೂನು ಓದಿದ ಈ ತರುಣರು ಡಾ. ರಾಮಮನೋಹರ ಲೋಹಿಯಾ ಅವರ ಸಮಾಜವಾದಕ್ಕೆ ಒಲಿದರು. ಕಾಗೋಡು ರೈತ ಸತ್ಯಾಗ್ರಹದ ಮುಂದಾಳುಗಳಾಗಿದ್ದ ಶಾಂತವೇರಿ ಗೋಪಾಲಗೌಡರು ಈ ಭಾಗದ ಸಮಾಜವಾದಿ ಯುವಕರಿಗೆ ಗುರುಸ್ಥಾನದಲ್ಲಿದ್ದರು. ತತ್ತ್ವದ ವಿಷಯದಲ್ಲಿ ಕಟುವಾಗಿ ಹೋರಾಡಬೇಕು, ಮನುಷ್ಯನ ವಿಷಯದಲ್ಲಿ ಮೃದುವಾಗಿರಬೇಕು ಎಂಬ ಪಾಠ ಪಟೇಲರ ಬಾಳಿನುದ್ದಕ್ಕೂ ಕಾಣಿಸುತ್ತದೆ.

1967ರಲ್ಲಿ ಅವರು ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಲೋಕಸಭೆಗೆ ಆಯ್ಕೆಯಾದರು. ಅಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡತೊಡಗಿದರು. ಲೋಕಸಭೆಯಲ್ಲಿ ಕನ್ನಡದ ದನಿ ಮೊದಲು ಕೇಳಿದ್ದು ಹೀಗೆ. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸಮರ್ಪಕವಾಗಿ ಮಾತನಾಡಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದೆಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. ಪಟೇಲರಾದರೋ ಇಂಗ್ಲಿಷ್ ಬಲ್ಲವರು. ನಿಯಮದ ಅಕ್ಷರವನ್ನೇ ಹಿಡಿದು ಅವರನ್ನು ಕುಳ್ಳಿರಿಸುವುದು ಕಷ್ಟವಾಗಿರಲಿಲ್ಲ. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವರೆಡ್ಡಿಯವರು ಆಂಧ್ರದವರು, ತೆಲುಗರು, ಕಾಂಗ್ರೆಸ್ಸಿನಿಂದ ಬಂದವರು. ಎದುರು ನಿಂತವರು ಕಾಂಗ್ರೆಸ್ಸನ್ನು ಬೇರುಸಹಿತ ಕೀಳಬೇಕೆಂದು ಹೊರಟ ಪಕ್ಷದ ಹೊಸ ಸದಸ್ಯರು. ಆದರೂ ರೆಡ್ಡಿಯವರು ಅನುಮತಿ ನೀಡಿದರು. ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ನೆನೆಯುವ ಈ ಘಟನೆಯಲ್ಲಿ ಪಟೇಲರ ಧೈರ್ಯವೊಂದೇ ಅಲ್ಲ, ಎದುರು ಪಕ್ಷದ ಹಿರಿಯರೊಬ್ಬರ ಸೌಜನ್ಯವೂ ಅಡಗಿದೆ ಎಂಬುದನ್ನು ನಾವು ಮರೆಯಬಾರದು.

1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಪಟೇಲರು ಸೆರೆಮನೆ ಸೇರಿದರು. ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟವರ ಮೇಲೆ ದ್ವೇಷ ಬೆಳೆಯುವುದು ಮನುಷ್ಯಸಹಜ. ಮುಂದೆ 1978ರಲ್ಲಿ ಅವರು ಚನ್ನಗಿರಿಯಿಂದ ವಿಧಾನಸಭೆಗೆ ಆರಿಸಿ ಬಂದಾಗ ಎದುರಿನ ಸಾಲುಗಳಲ್ಲಿ ಕುಳಿತಿದ್ದವರು ಕಾಂಗ್ರೆಸ್ಸಿಗರೇ. ಅವರೊಡನೆ ಪಟೇಲರು ವಾದಿಸಿದರು, ಛೇಡಿಸಿದರು, ನಗಿಸಿದರು. ಸೆರೆಮನೆಯ ಕಹಿಯನ್ನು ಮಾತ್ರ ಸದನದೊಳಕ್ಕೆ ಹೊತ್ತು ತರಲಿಲ್ಲ.

ಪಟೇಲರ ಹಾಸ್ಯ ನಾಡಿನ ಶಾಸನಸಭೆಯ ಇತಿಹಾಸದಲ್ಲಿ ಒಂದು ಅಧ್ಯಾಯವೇ ಸರಿ. ಆ ಹಾಸ್ಯದ ಗುಟ್ಟೇನೆಂದು ನಾವು ಯೋಚಿಸಿದ್ದುಂಟು. ಅನ್ಯರನ್ನು ಚುಚ್ಚುವ ಮೊದಲು ಅವರು ತಮ್ಮನ್ನೇ ಚುಚ್ಚಿಕೊಳ್ಳುತ್ತಿದ್ದರು. ತಮ್ಮ ದೌರ್ಬಲ್ಯಗಳನ್ನು ತಾವೇ ಹತ್ತು ಜನರೆದುರು ಒಪ್ಪಿಕೊಳ್ಳುವವನ ಮೇಲೆ ಎದುರಾಳಿ ಎಸೆಯಬಹುದಾದ ಕಲ್ಲಾದರೂ ಯಾವುದು? ಹೀಗೆ ಮೊದಲು ತಾವು ಬಾಗಿ, ಬಳಿಕ ಎದುರಿನವರನ್ನು ಬಾಗಿಸುತ್ತಿದ್ದ ಈ ರೀತಿಯಿಂದ ಪೆಟ್ಟು ತಿಂದವರೂ ನಗುತ್ತಲೇ ಹೊರಗೆ ಹೋಗುತ್ತಿದ್ದರು. ಹಂಗಿಸುವ ನಗೆ ಬೇರೆ, ಹಂಚಿಕೊಳ್ಳುವ ನಗೆ ಬೇರೆ. ಪಟೇಲರದು ಎರಡನೆಯದು.

ಅವಿಭಜಿತ ಶಿವಮೊಗ್ಗ ಜಿಲ್ಲೆಯ ರಾಜಕೀಯವನ್ನು ಒಮ್ಮೆ ನೋಡಿರಿ. ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು, ಸೊರಬದ ಎಸ್. ಬಂಗಾರಪ್ಪನವರು, ಚನ್ನಗಿರಿಯ ಪಟೇಲರು, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು, ಹೀಗೆ ಬೇರೆ ಬೇರೆ ಪಕ್ಷಗಳ ನಾಲ್ವರು ಈ ಮಣ್ಣಿನಿಂದ ಮುಖ್ಯಮಂತ್ರಿಗಳಾದರು. ಇವರಲ್ಲಿ ಬಂಗಾರಪ್ಪನವರು ಪಟೇಲರಂತೆಯೇ ಸಮಾಜವಾದಿ ಪಾಳೆಯದಲ್ಲಿ ಬೆಳೆದು 1967ರಲ್ಲಿಯೇ ವಿಧಾನಸಭೆ ಪ್ರವೇಶಿಸಿದವರು. ಮುಂದೆ ಕಾಂಗ್ರೆಸ್ ಸೇರಿ ಎದುರು ಸಾಲಿಗೆ ಹೋದವರು. ಇಂದು ಜೊತೆಗಿದ್ದವರು ನಾಳೆ ಎದುರಿಗೆ, ಇಂದು ಎದುರಿಗಿದ್ದವರು ನಾಡಿದ್ದು ಜೊತೆಗೆ. ರಾಜಕೀಯದ ಈ ಸ್ವಭಾವವನ್ನು ಬಲ್ಲವರು ಯಾರನ್ನೂ ಸಾಯುವತನಕದ ಶತ್ರುವೆಂದು ಬಗೆಯಲಾರರು.

1994ರ ಚುನಾವಣೆಯಲ್ಲಿ ಜನತಾದಳ 115 ಸ್ಥಾನಗಳನ್ನು ಗೆದ್ದಾಗ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಗಳಾದರು, ಪಟೇಲರು ಉಪಮುಖ್ಯಮಂತ್ರಿಗಳಾದರು. 1996ರಲ್ಲಿ ದೇವೇಗೌಡರು ಪ್ರಧಾನಮಂತ್ರಿಯಾಗಿ ದೆಹಲಿಗೆ ತೆರಳಿದಾಗ ತೆರವಾದ ಸ್ಥಾನಕ್ಕೆ ಸಿದ್ಧರಾಮಯ್ಯನವರೂ ಆಕಾಂಕ್ಷಿಯಾಗಿದ್ದರು. ಪಕ್ಷ ಪಟೇಲರನ್ನು ಆರಿಸಿತು. ಮೇ 31ರಂದು ಅವರು ಅಧಿಕಾರ ವಹಿಸಿಕೊಂಡರು. ಸ್ಪರ್ಧಿಸಿದವರನ್ನು ಮೂಲೆಗೆ ತಳ್ಳುವುದು ಅಧಿಕಾರದ ಹಳೆಯ ಚಾಳಿ. ಇಲ್ಲಿ ಹಾಗಾಗಲಿಲ್ಲ. ಸಿದ್ಧರಾಮಯ್ಯನವರೇ ಉಪಮುಖ್ಯಮಂತ್ರಿಗಳಾದರು, ನಾಡಿನ ಹಣಕಾಸೂ ಅವರ ಕೈಯಲ್ಲಿಯೇ ಉಳಿಯಿತು.

ಅದೇ ವರ್ಷ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರೈತಸಂಘ, ಮಹಿಳಾ ಸಂಘಟನೆಗಳು ಸರ್ಕಾರದ ವಿರುದ್ಧ ಬೀದಿಗಿಳಿದವು. ರೈತಸಂಘದ ನೇತಾರರಾದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಪಟೇಲರಂತೆಯೇ ಲೋಹಿಯಾ ಪಂಥದವರು. ಒಂದೇ ಗರಡಿಯ ಇಬ್ಬರು ಎದುರು ಬದುರಾಗಿ ನಿಂತರು. ಸ್ಪರ್ಧೆ ನಡೆಯಗೊಟ್ಟ ಪಟೇಲರ ತೀರ್ಮಾನ ಸರಿಯೋ ತಪ್ಪೋ ಎಂಬ ಬಗ್ಗೆ ಅಂದೂ ಭಿನ್ನಾಭಿಪ್ರಾಯವಿತ್ತು, ಇಂದೂ ಇದೆ.

ಕಾವೇರಿಯ ವಿಷಯ ಇನ್ನೂ ಕಠಿಣವಾದದ್ದು. ನ್ಯಾಯಮಂಡಳಿಯು 1991ರ ಜೂನ್ ತಿಂಗಳಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿತ್ತು. ಆ ವರ್ಷದ ಕೊನೆಯಲ್ಲಿ ಬೆಂಗಳೂರು, ಮೈಸೂರು ಭಾಗಗಳಲ್ಲಿ ನಡೆದ ಗಲಭೆಗಳಲ್ಲಿ ಎಷ್ಟೋ ಬಡಕುಟುಂಬಗಳು ಮನೆಮಠ ತೊರೆದು ಓಡಬೇಕಾಯಿತು. ಆ ಗಾಯ ಮಾಯುವ ಮುನ್ನವೇ, 1998ರ ಆಗಸ್ಟ್ ತಿಂಗಳಲ್ಲಿ, ಭಾರತೀಯ ಜನತಾ ಪಕ್ಷದ ಪ್ರಧಾನಿ ವಾಜಪೇಯಿಯವರ ಸಮ್ಮುಖದಲ್ಲಿ ಪಟೇಲರೂ ದ್ರಾವಿಡ ಮುನ್ನೇತ್ರ ಕಳಗದ ಮುಖ್ಯಮಂತ್ರಿ ಕರುಣಾನಿಧಿಯವರೂ ಒಂದೇ ಮೇಜಿನ ಸುತ್ತ ಕುಳಿತರು. ಕೇರಳ, ಪಾಂಡಿಚೇರಿಗಳ ಮುಖ್ಯಮಂತ್ರಿಗಳೂ ಜೊತೆಗಿದ್ದರು. ಪ್ರಧಾನಿಯವರ ಅಧ್ಯಕ್ಷತೆಯಲ್ಲಿ ನಾಲ್ವರು ಮುಖ್ಯಮಂತ್ರಿಗಳು ಸದಸ್ಯರಾಗಿರುವ ಕಾವೇರಿ ನದಿ ಪ್ರಾಧಿಕಾರಕ್ಕೆ ಒಪ್ಪಿಗೆಯಾಯಿತು. ಇದರಿಂದ ವಿವಾದ ಮುಗಿಯಲಿಲ್ಲ ನಿಜ. ಆದರೆ ಬೀದಿಯಲ್ಲಿ ಹೊಡೆದಾಡುವ ಬದಲು ಎದುರೆದುರು ಕುಳಿತು ಮಾತನಾಡಬಹುದೆಂಬುದು ಸಾಬೀತಾಯಿತು.

ಪಟೇಲರು ಸಂತರಾಗಿರಲಿಲ್ಲ. ತಮ್ಮ ಖಾಸಗಿ ಬಾಳಿನ ಕುಂದುಗಳನ್ನು ಅವರೇ ಬಹಿರಂಗವಾಗಿ ಒಪ್ಪಿಕೊಂಡಿದ್ದರು. ಅವನ್ನು ನಮ್ಮ ಮಕ್ಕಳಿಗೆ ಮಾದರಿಯೆಂದು ತೋರಿಸಲು ನಾವು ಹೊರಟಿಲ್ಲ. ಆಡಳಿತದಲ್ಲಿ ಬಿಗಿ ಸಾಲದೆಂಬ ಟೀಕೆಯನ್ನೂ ಅವರು ಎದುರಿಸಿದರು. 1997ರಲ್ಲಿ ದಾವಣಗೆರೆಯೂ ಸೇರಿದಂತೆ ಏಳು ಹೊಸ ಜಿಲ್ಲೆಗಳು ಅವರ ಕಾಲದಲ್ಲಿ ರೂಪುಗೊಂಡವು. ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ಒಂದೇ ಜಿಲ್ಲೆಗೆ ಸೇರಿದ್ದು ಆಗಲೇ. ಆದರೆ ಅವರ ಕಣ್ಣೆದುರಿಗೇ ಜನತಾದಳ ಒಡೆಯಿತು. 1996ರಲ್ಲಿ ಪಕ್ಷದಿಂದ ಉಚ್ಚಾಟಿತರಾಗಿದ್ದ ರಾಮಕೃಷ್ಣ ಹೆಗಡೆಯವರೊಡನೆ 1999ರಲ್ಲಿ ಅವರು ಮತ್ತೆ ಕೈಜೋಡಿಸಿದಾಗ ಅದನ್ನು ಅವಕಾಶವಾದವೆಂದು ಕರೆದವರೂ ಇದ್ದರು. ಆ ಚುನಾವಣೆಯಲ್ಲಿ ಚನ್ನಗಿರಿಯ ಮತದಾರರು ತಮ್ಮ ಊರಿನ ಮುಖ್ಯಮಂತ್ರಿಯನ್ನೇ ಸೋಲಿಸಿದರು. ಅಧಿಕಾರ ಎಸ್.ಎಂ. ಕೃಷ್ಣರ ಕೈಸೇರಿತು. ಮುಂದಿನ ವರ್ಷ, 2000ದ ಡಿಸೆಂಬರ್ 12ರಂದು, ಪಟೇಲರು ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ನಿಧನರಾದರು.

ಹಾಗಾದರೆ ಕುಂದುಗಳಿದ್ದ ಒಬ್ಬ ರಾಜಕಾರಣಿಯನ್ನು ಈ ಅಂಕಣದಲ್ಲಿ ನೆನೆಯುವುದೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ಉತ್ತರವಿಷ್ಟೇ: ಒಂದು ಸದ್ಗುಣ ಎಲ್ಲಿ ಕಂಡರೂ ಅದನ್ನು ಗುರುತಿಸುವುದು ನಮ್ಮ ಧರ್ಮ. ತನ್ನ ಕುಂದನ್ನು ಬಲ್ಲವನು ಪರರ ಕುಂದಿನ ಬಗ್ಗೆ ಕ್ರೂರಿಯಾಗಲಾರ. ಸದ್ಗುಣಿಗಳೆಂದು ಹೆಮ್ಮೆಪಡುವ ನಮ್ಮಲ್ಲಿ ಎಷ್ಟು ಜನರಿಗೆ ಈ ಮೃದುತನವಿದೆ?

ಪಟೇಲರು ತೀರಿಕೊಂಡ ವರ್ಷವೇ, ಅಕ್ಟೋಬರ್ 31ರಂದು, ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಸಂತ ಥಾಮಸ್ ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಇಂಗ್ಲೆಂಡಿನ ರಾಜ ಎಂಟನೆಯ ಹೆನ್ರಿಯ ಮಹಾಮಂತ್ರಿಯಾಗಿದ್ದು, ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯಲೊಲ್ಲದೆ 1535ರಲ್ಲಿ ಶಿರಚ್ಛೇದಕ್ಕೆ ಗುರಿಯಾದವರು ಅವರು. ಮರಣದಂಡನೆ ವಿಧಿಸಿದ ನ್ಯಾಯಾಧೀಶರ ಮೇಲೂ ಅವರು ಹಗೆ ಇಟ್ಟುಕೊಳ್ಳಲಿಲ್ಲ. ಅವರೊಡನೆ ಸ್ವರ್ಗದಲ್ಲಿ ಸಂತೋಷದಿಂದ ಸೇರುವಂತಾಗಲೆಂದು ಹಾರೈಸಿದರು. ಕಾರಿಗನೂರಿನ ಪಟೇಲರನ್ನು ಆ ಸಂತರಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಒಪ್ಪದಿರುವುದು ಬೇರೆ, ದ್ವೇಷಿಸುವುದು ಬೇರೆ ಎಂಬುದನ್ನು ಇಬ್ಬರ ಬಾಳೂ ತಮ್ಮ ತಮ್ಮ ಅಳತೆಯಲ್ಲಿ ತೋರಿಸಿಕೊಡುತ್ತವೆ.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಸೇರುವ ಜನಸಾಗರದಲ್ಲಿ ಯಾರು ಯಾವ ಪಕ್ಷದವರೆಂದು ಯಾರೂ ಕೇಳುವುದಿಲ್ಲ. ಆ ಒಂದು ದಿನದ ಸೌಜನ್ಯವನ್ನು ಮತದಾನದ ದಿನಕ್ಕೂ ಕೊಂಡೊಯ್ಯಲು ನಮ್ಮಿಂದಾಗದೇ? ಕಳೆದ ಚುನಾವಣೆಯಿಂದ ಯಾರೊಡನೆ ಮಾತು ಬಿಟ್ಟಿದ್ದೇವೆಯೋ ಅವರ ಮನೆಯ ಬಾಗಿಲನ್ನು ಬರುವ ಭಾನುವಾರ ಬಲಿಪೂಜೆಯ ನಂತರ ತಟ್ಟೋಣ. ಮತ ನಮ್ಮದಾಗಿಯೇ ಇರಲಿ, ಮನಸ್ಸು ಮಾತ್ರ ಒಡೆಯದಿರಲಿ.