ನರ್ತಕಿ ಆನಾ ಪಾವ್ಲೋವಾ

ಕಳೆದ ವರ್ಷ ದಸರಾ ರಜೆಗೆ ಊರಿಗೆ ಹೊರಡುವ ಮುನ್ನ ಕಾಲೇಜಿನ ಗ್ರಂಥಾಲಯದಿಂದ ಒಂದು ಇಂಗ್ಲಿಷ್ ಪುಸ್ತಕವನ್ನು ತೆಗೆದುಕೊಂಡು ಹೋಗಿದ್ದೆ. ಅದು ರಷ್ಯದ ಜಗದ್ವಿಖ್ಯಾತ ನರ್ತಕಿ ಆನಾ ಪಾವ್ಲೋವಾಳ ಜೀವನಚರಿತ್ರೆ. ನನಗೆ ನೃತ್ಯದಲ್ಲಿ ಮೊದಲಿನಿಂದ ಆಸಕ್ತಿಯಿತ್ತೆಂದು ಯಾರೂ ತಿಳಿಯಬಾರದು. ಹಂಸದ ಗರಿಗಳ ಉಡುಪಿನಲ್ಲಿದ್ದ ಆಕೆಯ ಚಿತ್ರ ಚೆನ್ನಾಗಿದ್ದುದರಿಂದ ತೆಗೆದುಕೊಂಡೆನಷ್ಟೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆ. ಆರಂಭದಲ್ಲಿಯೇ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಪಾವ್ಲೋವಾಳ ತಾಯಿ ಬಟ್ಟೆ ಒಗೆದು ಜೀವನ ಸಾಗಿಸಿದವಳು.

ನಮ್ಮದು ಮಡಿವಾಳರ ಮನೆ. ನಾನು ಆ ಸಾಲನ್ನು ಓದುತ್ತಿದ್ದಾಗ ಅವ್ವ ಹೊಳೆಯಿಂದ ಬಂದು ಒಗೆದ ಬಟ್ಟೆಯ ಗಂಟನ್ನು ಜಗುಲಿಯ ಮೇಲೆ ಇಳಿಸುತ್ತಿದ್ದಳು. ಕಾಲೇಜಿಗೆ ಸೇರಿದ ಮೊದಲ ದಿನ, ಎಲ್ಲರೂ ತಂತಮ್ಮ ಪರಿಚಯ ಹೇಳಿಕೊಳ್ಳುವಾಗ, ನಮ್ಮ ಮನೆಯವರದು ವ್ಯವಸಾಯವೆಂದು ನಾನು ಹೇಳಿದ್ದೆ. ನಮಗೆ ಒಂದು ಗುಂಟೆ ಹೊಲವೂ ಇಲ್ಲ. ಎರಡು ವರ್ಷಗಳಿಂದ ನುಂಗಿಕೊಂಡಿದ್ದ ಆ ಸುಳ್ಳು ಅಂದು ನೆನಪಿಗೆ ಬಂದಿತು. ಆ ಪುಸ್ತಕವನ್ನು ನಾನು ಮುಗಿಸಿದ್ದು ಈ ಕಾರಣದಿಂದಲೇ. ತಿಳಿದುಕೊಂಡಷ್ಟನ್ನು ಇಲ್ಲಿ ಗೆಳೆಯರ ಮುಂದೆ ಇಡುತ್ತೇನೆ.

ಪಾವ್ಲೋವಾ 1881ನೆಯ ಇಸವಿ ಫೆಬ್ರವರಿ 12ರಂದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಹುಟ್ಟಿದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು; ಬದುಕುವುದೇ ಸಂದೇಹವೆಂಬಷ್ಟು ಬಡಕಲು. ನಗರದ ಹೊರಗಿನ ಲಿಗೊವೊ ಎಂಬಲ್ಲಿ ಅಜ್ಜಿಯ ಆರೈಕೆಯಲ್ಲಿ ಬೆಳೆಯಿತು. ತಂದೆಯ ನೆರಳು ಆಕೆಗೆ ದೊರೆಯಲಿಲ್ಲ. ತಾಯಿಯೇ ಎಲ್ಲವೂ ಆಗಿದ್ದಳು. ಮಗಳಿಗೆ ಸುಮಾರು ಎಂಟು ವರ್ಷವಾಗಿದ್ದಾಗ ಆ ತಾಯಿ ಹೇಗೋ ಹಣ ಹೊಂದಿಸಿ, ಮಾರಿನ್ಸ್ಕಿ ರಂಗಮಂದಿರದಲ್ಲಿ ಚೈಕೋವ್ಸ್ಕಿಯ ಸಂಗೀತವುಳ್ಳ ‘ನಿದ್ರಾಸುಂದರಿ’ ಬ್ಯಾಲೆಯನ್ನು ತೋರಿಸಲು ಕರೆದುಕೊಂಡು ಹೋದಳು. ಮಗು ಮನೆಗೆ ಮರಳುವಾಗ ತಾನೂ ಒಂದು ದಿನ ಅದೇ ರಂಗದ ಮೇಲೆ ಕುಣಿಯಬೇಕೆಂದು ಹಟ ಹಿಡಿದಿತ್ತು.

ಚಕ್ರವರ್ತಿಯ ಬೊಕ್ಕಸದಿಂದ ನಡೆಯುತ್ತಿದ್ದ ನೃತ್ಯಶಾಲೆಯೊಂದು ಆ ನಗರದಲ್ಲಿತ್ತು. ಸೇರಿದ ಮಕ್ಕಳು ಅಲ್ಲಿಯೇ ಉಳಿದು, ಉಂಡು, ಓದಿ, ನೃತ್ಯ ಕಲಿಯುತ್ತಿದ್ದರು. ಬಡವರ ಮಕ್ಕಳಿಗೆ ಅದೊಂದು ದಾರಿ. ಆದರೆ ಮೊದಲ ಸಲ ಹೋದಾಗ ವಯಸ್ಸು ಸಾಲದು, ಮೈಯಲ್ಲಿ ಕಸುವಿಲ್ಲವೆಂದು ಆಕೆಯನ್ನು ತಿರುಗಿ ಕಳುಹಿಸಿದರು. ತಾಯಿ ಬಿಡಲಿಲ್ಲ. 1891ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಪಾವ್ಲೋವಾಳಿಗೆ ಪ್ರವೇಶ ದೊರೆಯಿತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಈ ಕಲೆಗೆ ಚೆನ್ನಾಗಿ ಒಪ್ಪುತ್ತದೆ. ನಮ್ಮ ಸಂಗೀತಕ್ಕೆ ಸರಳೆವರಸೆ ಹೇಗೋ, ಭರತನಾಟ್ಯಕ್ಕೆ ಅಡವುಗಳು ಹೇಗೋ, ಹಾಗೆ ಬ್ಯಾಲೆಗೆ ಪಾದಗಳ ಐದು ನಿಲುವುಗಳು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದ ನೃತ್ಯಗುರು ಪಿಯೆರ್ ಬೋಶಾಂ ಎಂಬಾತ ಇವನ್ನು ಕ್ರಮಪಡಿಸಿದನು. ಮೊದಲನೆಯ ನಿಲುವಿನಲ್ಲಿ ಹಿಮ್ಮಡಿಗಳೆರಡೂ ಕೂಡಿ, ಬೆರಳುಗಳು ಎಡಬಲಕ್ಕೆ ಹೊರಳಿ, ಪಾದಗಳು ಒಂದೇ ಗೆರೆಯಂತಿರಬೇಕು. ಎರಡನೆಯದರಲ್ಲಿ ಹಿಮ್ಮಡಿಗಳ ನಡುವೆ ಸುಮಾರು ಒಂದು ಪಾದದ ಅಂತರ. ಮೂರನೆಯದರಲ್ಲಿ ಒಂದು ಪಾದದ ಹಿಮ್ಮಡಿ ಇನ್ನೊಂದರ ನಡುವಿಗೆ ತಾಗಬೇಕು. ನಾಲ್ಕನೆಯದರಲ್ಲಿ ಒಂದು ಪಾದ ಮುಂದೆ, ಒಂದು ಹಿಂದೆ. ನಡುವೆ ಒಂದು ಪಾದದಷ್ಟು ಜಾಗ. ಐದನೆಯದರಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡು, ಈ ಪಾದದ ಬೆರಳಿಗೆ ಆ ಪಾದದ ಹಿಮ್ಮಡಿ ಕೂಡಬೇಕು.

ಓದುವಾಗ ಇದು ಬಹು ಸುಲಭವಾಗಿ ತೋರಿತು. ರಜೆ ಮುಗಿಸಿ ಬಂದ ಮೇಲೆ ಹಾಸ್ಟೆಲಿನ ಕೋಣೆಯಲ್ಲಿ ಕಿಟಕಿಯ ಸರಳು ಹಿಡಿದು ಮೊದಲನೆಯ ನಿಲುವಿನಲ್ಲಿ ನಿಂತು ನೋಡಿದೆ. ಪಾದಗಳನ್ನು ಬಲವಂತದಿಂದ ಹೊರಳಿಸಿದರೆ ಮೊಣಕಾಲು ಮುಂದಕ್ಕೇ ನೋಡುತ್ತಿತ್ತು, ಬೆನ್ನು ಡೊಂಕಾಗುತ್ತಿತ್ತು. ಗೆಳತಿಯರು ನಕ್ಕರು. ಪುಸ್ತಕವನ್ನು ಮತ್ತೆ ತೆರೆದಾಗ ತಪ್ಪು ತಿಳಿಯಿತು. ಪಾದ ಹೊರಳಬೇಕಾದದ್ದು ಕಣಕಾಲಿನಿಂದಲ್ಲ, ತೊಡೆಯ ಸಂದಿನಿಂದ. ಮೇಲಿನಿಂದ ಹೊರಳಿದಷ್ಟೇ ಕೆಳಗೆ ಹೊರಳಬೇಕು. ಅದಕ್ಕೆ ಮೀರಿದರೆ ಮೊಣಕಾಲಿಗೆ ಪೆಟ್ಟು. ಆಮೇಲೆ ‘ಪ್ಲಿಯೆ’ ಎಂಬ ಮೊದಲ ಅಭ್ಯಾಸ. ಬೆನ್ನನ್ನು ನೆಟ್ಟಗಿಟ್ಟು, ಪಾದಗಳು ನೋಡುವ ದಿಕ್ಕಿಗೇ ಮೊಣಕಾಲುಗಳನ್ನು ಬಾಗಿಸಿ ಮೆಲ್ಲಗೆ ಇಳಿಯುವುದು. ಭರತನಾಟ್ಯದ ಅರಮಂಡಿಯನ್ನು ನೋಡಿದವರಿಗೆ ಇದರ ಹೋಲಿಕೆ ತಿಳಿದೀತು. ಅರ್ಧ ಇಳಿಯುವಾಗ ಹಿಮ್ಮಡಿ ನೆಲ ಬಿಡಕೂಡದು. ಮತ್ತೊಂದು ‘ತಾಂದ್ಯು’, ಪಾದವನ್ನು ನೆಲಕ್ಕೆ ಉಜ್ಜುತ್ತಾ, ಬೆರಳ ತುದಿ ಮಾತ್ರ ತಾಗುವವರೆಗೆ ಚಾಚಿ, ಮತ್ತೆ ಸ್ವಸ್ಥಾನಕ್ಕೆ ತರುವುದು. ಹತ್ತು ಸಲ ಮಾಡುವಷ್ಟರಲ್ಲಿ ನನ್ನ ತೊಡೆ ನಡುಗಿತು. ಒಂದು ವಾರದಲ್ಲಿ ಮೂರನೆಯ ನಿಲುವಿನವರೆಗೆ ಹೇಗೋ ಬಂದೆ. ಐದನೆಯದು ಇಂದಿಗೂ ಬಂದಿಲ್ಲ.

ಪಾವ್ಲೋವಾ ಇದನ್ನು ಎಂಟು ವರ್ಷ ಕಲಿತಳು. ನೆಲ ಜಾರದಂತೆ ನೀರು ಚಿಮುಕಿಸಿದ ಕೊಠಡಿಯಲ್ಲಿ, ಗೋಡೆಯುದ್ದಕ್ಕೂ ಇರುವ ಮರದ ಕಂಬಿಯನ್ನು ಹಿಡಿದು ದಿನವೂ ಅದೇ ಅಭ್ಯಾಸ. ಅನಂತರ ಕಂಬಿಯನ್ನು ಬಿಟ್ಟು ಕೊಠಡಿಯ ನಡುವೆ ಅದನ್ನೇ ಮಾಡಬೇಕು. ಆಕೆಗೆ ಅದು ಸುಲಭವಾಗಿರಲಿಲ್ಲ. ಆ ಕಾಲದಲ್ಲಿ ನರ್ತಕಿಯೆಂದರೆ ಗಟ್ಟಿಮುಟ್ಟಾದ, ಅಡಕವಾದ ಮೈಕಟ್ಟು ಇರಬೇಕೆಂಬ ಭಾವನೆಯಿತ್ತು. ಇವಳದೋ ಉದ್ದನೆಯ ಸಣಕಲು ಕೈಕಾಲು, ಅತಿಯಾಗಿ ಕಮಾನು ಬಾಗಿದ ಪಾದ, ತೆಳುವಾದ ಕಣಕಾಲು. ಜೊತೆಯ ಹುಡುಗಿಯರು ಪೊರಕೆಯೆಂದು ಕರೆದು ಹಾಸ್ಯ ಮಾಡುತ್ತಿದ್ದರು. ಆಗ ಇಟಲಿಯ ನರ್ತಕಿಯರು ಒಂಟಿಗಾಲಿನ ಮೇಲೆ ಬುಗುರಿಯಂತೆ ಸುತ್ತಿ ಪೀಟರ್ಸ್‌ಬರ್ಗಿನ ಜನರನ್ನು ಬೆರಗುಗೊಳಿಸುತ್ತಿದ್ದರು. ಪಾವ್ಲೋವಾಳೂ ಹಾಗೆ ಸುತ್ತಲು ಹೋದಳು. ಗುರುವಾದ ಪಾವೆಲ್ ಗೆರ್ಟ್ ತಡೆದು, ಆ ಕಸರತ್ತನ್ನು ಬೇರೆಯವರಿಗೆ ಬಿಡುವಂತೆಯೂ, ಆಕೆಯ ನಾಜೂಕೇ ಆಕೆಯ ಬಲವೆಂಬಂತೆಯೂ ತಿಳಿಯಹೇಳಿದನು. ಶಿಷ್ಯೆಯ ಕೊರತೆಯೆಂದು ಎಲ್ಲರೂ ಎಣಿಸಿದ್ದರಲ್ಲಿ ಗುಣವನ್ನು ಕಂಡ ಇಂಥ ಗುರು ದೊರೆಯುವುದು ಪುಣ್ಯವೇ ಸರಿ.

1899ರಲ್ಲಿ ಶಾಲೆಯ ವಿದ್ಯೆ ಮುಗಿಸಿ ಪಾವ್ಲೋವಾ ಚಕ್ರವರ್ತಿಯ ನೃತ್ಯಮಂಡಲಿಯನ್ನು ಸೇರಿದಳು. 1903ರಲ್ಲಿ ‘ಜಿಸೆಲ್’ ಎಂಬ ಬ್ಯಾಲೆಯಲ್ಲಿ ನಾಯಕಿಯ ಪಾತ್ರ ವಹಿಸಿದಳು. 1906ರಲ್ಲಿ ಮಂಡಲಿಯ ಪ್ರಧಾನ ನರ್ತಕಿಯ ಪದವಿ ದೊರೆಯಿತು. ಹೀಗೆ ಶಿಖರವೇರಿದ ಮೇಲೆ ಆಕೆ ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತನ್ನ ಕಾಲುಗಳಲ್ಲಿ ಇನ್ನೂ ಬಲ ಸಾಲದೆಂದು ತಿಳಿದು, ಇಟಲಿಯ ಗುರು ಎನ್ರಿಕೊ ಚೆಕೆಟ್ಟಿಯ ಬಳಿ ಮತ್ತೆ ಶಿಷ್ಯೆಯಾಗಿ ನಿಂತಳು. ರಾತ್ರಿ ರಾಣಿಯಂತೆ ರಂಗದ ಮೇಲೆ ಮೆರೆದವಳು ಬೆಳಗಾದರೆ ಕಂಬಿ ಹಿಡಿದು, ಹತ್ತು ವರ್ಷದ ಮಗುವಿನಂತೆ ಮೊದಲನೆಯ ನಿಲುವಿನಿಂದ ಆರಂಭಿಸುವಳು. ಬ್ಯಾಲೆ ಕಲಿತವರು ಯಾರೇ ಆಗಲಿ, ಎಷ್ಟೇ ಹೆಸರು ಗಳಿಸಿರಲಿ, ಪ್ರತಿದಿನ ಹಾಗೆಯೇ ಆರಂಭಿಸಬೇಕು. ಅಲ್ಲಿ ಮೊದಲ ಪಾಠವನ್ನು ದಾಟಿ ಹೋದವರೆಂಬುವರೇ ಇಲ್ಲ.

ಆಕೆಗಾಗಿ ಮಿಖಾಯಿಲ್ ಫೋಕಿನ್ ಎಂಬಾತ ಸೇನ್ ಸಾನ್ಸನ ಸಂಗೀತಕ್ಕೆ ‘ಸಾಯುವ ಹಂಸ’ವನ್ನು ಸಂಯೋಜಿಸಿದನು. ಕೆಲವೇ ನಿಮಿಷಗಳ ಆ ನೃತ್ಯವನ್ನು ಆಕೆ ಜೀವಮಾನವಿಡೀ ಕುಣಿದಳು. ಅದರ ಹಳೆಯ ಚಲನಚಿತ್ರದ ತುಣುಕನ್ನು ನಾನು ಗೆಳತಿಯ ಮೊಬೈಲಿನಲ್ಲಿ ನೋಡಿದೆ. ಚಿತ್ರ ಮಸುಕು. ಆದರೂ ನೆಗೆತವಿಲ್ಲ, ಬುಗುರಿಯ ಸುತ್ತಾಟವಿಲ್ಲ. ಬೆರಳ ತುದಿಯ ಮೇಲೆ ಪುಟ್ಟ ಪುಟ್ಟ ಹೆಜ್ಜೆಗಳು ಮತ್ತು ರೆಕ್ಕೆಯಾದ ತೋಳುಗಳು, ಅಷ್ಟೆ. ಕಮಾನು ಬಾಗಿದ ಪಾದಕ್ಕೆ ಆಸರೆ ಸಾಲದೆಂದು ಆಕೆ ಪಾದರಕ್ಷೆಯೊಳಗೆ ಗಟ್ಟಿ ತೊಗಲನ್ನು ಸೇರಿಸಿಕೊಂಡಳು. ಕೆಲವರು ಅದನ್ನು ಮೋಸವೆಂದು ಹಳಿದರು. ಇಂದಿನ ನರ್ತಕಿಯರು ತೊಡುವ ಗಟ್ಟಿ ಪಾದರಕ್ಷೆಗೆ ಅದೇ ದಾರಿ ಮಾಡಿತು.

1912ರಲ್ಲಿ ಲಂಡನ್ನಿನಲ್ಲಿ ಮನೆ ಕೊಂಡು, ಸ್ವಂತ ಮಂಡಲಿಯೊಡನೆ ಆಕೆ ಜಗತ್ತನ್ನು ಸುತ್ತಿದಳು. ಬ್ಯಾಲೆಯ ಹೆಸರನ್ನೇ ಕೇಳದ ಊರುಗಳಲ್ಲಿಯೂ ಕುಣಿದಳು. 1917ರಲ್ಲಿ ಪೆರು ದೇಶದ ಲಿಮಾದಲ್ಲಿ ಆಕೆಯನ್ನು ಕಂಡ ಒಬ್ಬ ಬಾಲಕ ಮುಂದೆ ಫ್ರೆಡರಿಕ್ ಆಷ್ಟನ್ ಎಂಬ ದೊಡ್ಡ ನೃತ್ಯಸಂಯೋಜಕನಾದನು. ನಮ್ಮ ದೇಶಕ್ಕೂ ಆಕೆ ಬಂದಿದ್ದಳು. ಚಿತ್ರಕಲೆಯನ್ನು ಕಲಿಯಲು ಲಂಡನ್ನಿಗೆ ಹೋಗಿದ್ದ ಉದಯಶಂಕರರನ್ನು ಜೊತೆಗೂಡಿಸಿಕೊಂಡು 1923ರಲ್ಲಿ ರಾಧಾಕೃಷ್ಣರ ನೃತ್ಯವನ್ನು ಆಡಿದಳು. ಅಲ್ಲಿಂದ ಮುಂದೆ ಉದಯಶಂಕರರ ಬಾಳು ನೃತ್ಯಕ್ಕೇ ಮೀಸಲಾಯಿತು. ರುಕ್ಮಿಣೀದೇವಿ ಅರುಂಡೇಲರ ಕಥೆಯಂತೂ ಇನ್ನೂ ಹೃದ್ಯವಾದುದು. ಅವರಿಗೆ ಪಾವ್ಲೋವಾಳ ಸ್ನೇಹವಾದಾಗ ಇಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಪಾವ್ಲೋವಾಳ ಮಂಡಲಿಯ ಕ್ಲಿಯೋ ನಾರ್ಡಿ ಎಂಬಾಕೆಯಿಂದ ಬ್ಯಾಲೆಯ ಮೊದಲ ಪಾಠಗಳನ್ನು ಕಲಿತರು. ಆದರೆ ಪಾವ್ಲೋವಾ ಅವರನ್ನು ಸ್ವಂತ ನಾಡಿನ ನೃತ್ಯದ ಕಡೆಗೆ ತಿರುಗಿಸಿದಳು. ಅವರು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಅಡವಿನಿಂದ ಆರಂಭಿಸಿ, 1935ರಲ್ಲಿ ಅಡ್ಯಾರಿನಲ್ಲಿ ರಂಗವೇರಿ, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಮರವಾದ ಮೇಲೆ ಬಗ್ಗಿದವರೂ ಉಂಟೆಂದು ಗಾದೆಗೆ ಇಲ್ಲಿ ಉತ್ತರ ದೊರೆಯಿತು.

1931ರ ಜನವರಿಯಲ್ಲಿ ಪ್ರವಾಸದ ನಡುವೆ ಪಾವ್ಲೋವಾಳಿಗೆ ಶೀತ ತಗುಲಿ ಶ್ವಾಸಕೋಶದ ಉರಿಯೂತಕ್ಕೆ ತಿರುಗಿತು. ಜನವರಿ 23ರಂದು ಹಾಲೆಂಡಿನ ಹೇಗ್ ನಗರದ ಹೋಟೆಲೊಂದರಲ್ಲಿ ಆಕೆ ತೀರಿಕೊಂಡಳು. ಐವತ್ತು ತುಂಬಲು ಮೂರು ವಾರಗಳಿದ್ದುವು. ಕೆಲ ದಿನಗಳಲ್ಲಿಯೇ ಲಂಡನ್ನಿನ ರಂಗಮಂದಿರವೊಂದರಲ್ಲಿ ಹಂಸದ ಸಂಗೀತವನ್ನು ನುಡಿಸಿದರು. ರಂಗ ಬರಿದಾಗಿತ್ತು. ಸಭೆ ಎದ್ದು ನಿಂತಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಉಳಿದವರಿಗೆ ಮನೆಯಲ್ಲಿಯೇ ಬಂದ ಎಷ್ಟೋ ವಿಷಯಗಳನ್ನು ನಾನು ಇಲ್ಲಿಗೆ ಬಂದು ಮೊದಲಿನಿಂದ ಕಲಿಯಬೇಕಾಯಿತು. ಅರ್ಜಿ ತುಂಬುವುದು, ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವುದು, ಅಧ್ಯಾಪಕರ ಎದುರು ತಲೆಯೆತ್ತಿ ಮಾತನಾಡುವುದು, ಎಲ್ಲವೂ. ಅದೊಂದು ಹಿಂದುಳಿದಿರುವಿಕೆಯೆಂದು ನೊಂದುಕೊಳ್ಳುತ್ತಿದ್ದೆ. ಆರಂಭದ ಪಾಠದಲ್ಲಿ ನಾಚಿಕೆಪಡುವಂಥದು ಏನೂ ಇಲ್ಲವೆಂಬುದನ್ನು ಈ ಅಗಸರಾಕೆಯ ಮಗಳು ನನಗೆ ತಿಳಿಸಿದಳು.

ಈ ತಿಂಗಳು ಅಂತಿಮ ಪರೀಕ್ಷೆಯ ನಂತರದ ವಿದ್ಯಾಭ್ಯಾಸಕ್ಕಾಗಿ ಅರ್ಜಿಯೊಂದನ್ನು ತುಂಬಿದೆ. ಪೋಷಕರ ವೃತ್ತಿ ಎಂಬಲ್ಲಿ ಬಟ್ಟೆ ಒಗೆಯುವುದು ಎಂದು ಬರೆದೆ. ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಅವ್ವನಿಗೆ ಓದಿ ಹೇಳಬೇಕೆಂದಿದ್ದೇನೆ.