ಜಾನ್ ಹಂಟರ್: ರಕ್ತದ ಬದಿದಾರಿಗಳನ್ನು ನಂಬಿದ ಶಸ್ತ್ರವೈದ್ಯ

ರಕ್ತಪರಿಚಲನೆಯ ಪಾಠದಲ್ಲಿ ನಾವು ಅಪಧಮನಿಗಳನ್ನು ಬದಲಾಗದ ಕೊಳವೆಗಳಂತೆ ಕಪ್ಪುಹಲಗೆಯ ಮೇಲೆ ಬಿಡಿಸುತ್ತೇವೆ. ಅವು ಅಗತ್ಯಕ್ಕೆ ತಕ್ಕಂತೆ ಬೆಳೆಯುವ ಜೀವಂತ ಅಂಗಗಳೆಂದು ಮಕ್ಕಳಿಗೆ ತಿಳಿಸಲು ಜಾನ್ ಹಂಟರ್ ಅವರ ಜೀವನ ನೆರವಾಗುತ್ತದೆ.

ಹಂಟರ್ 1728ರಲ್ಲಿ ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್ ಬಳಿ ಜನಿಸಿದರು. ಶಾಲೆಯ ಓದು ಅವರಿಗೆ ಹಿಡಿಸಲಿಲ್ಲ. 1748ರಲ್ಲಿ ಲಂಡನ್ನಿಗೆ ಹೋಗಿ, ಅಣ್ಣ ವಿಲಿಯಂ ನಡೆಸುತ್ತಿದ್ದ ಅಂಗರಚನಾಶಾಸ್ತ್ರದ ಶಾಲೆಯಲ್ಲಿ ಸಹಾಯಕರಾದರು. ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದಲೇ ಕಲಿತರು. ಮುಂದೆ ಸೈನ್ಯದಲ್ಲಿ ಶಸ್ತ್ರವೈದ್ಯರಾಗಿದ್ದು, 1768ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆ ಸೇರಿದರು.

ಆ ಕಾಲದಲ್ಲಿ ಮೊಣಕಾಲಿನ ಹಿಂಬದಿಯ ಅಪಧಮನಿ ಬಲೂನಿನಂತೆ ಉಬ್ಬುವ ರೋಗ ಕುದುರೆಗಾಡಿ ಓಡಿಸುವವರಲ್ಲಿ ಕಾಣುತ್ತಿತ್ತು. ಉಬ್ಬು ಒಡೆದರೆ ಸಾವು. ಉಳಿಯಬೇಕಾದರೆ ಹೆಚ್ಚಾಗಿ ಕಾಲನ್ನೇ ಕತ್ತರಿಸಬೇಕಿತ್ತು. ಉಬ್ಬಿನ ಪಕ್ಕದಲ್ಲೇ ನಾಳವನ್ನು ಕಟ್ಟಿದರೆ, ರೋಗಪೀಡಿತ ಗೋಡೆ ಹರಿದು ರಕ್ತಸ್ರಾವವಾಗುತ್ತಿತ್ತು.

ಹಂಟರ್ ಜಿಂಕೆಯೊಂದರ ಕೊಂಬಿಗೆ ರಕ್ತ ಒಯ್ಯುವ ಅಪಧಮನಿಯನ್ನು ಕಟ್ಟಿದ್ದರೆಂದು ಹೇಳುತ್ತಾರೆ. ಬೆಳೆಯುತ್ತಿದ್ದ ಕೊಂಬು ಮೊದಲು ತಣ್ಣಗಾಯಿತು, ಕೆಲವು ದಿನಗಳಲ್ಲಿ ಮತ್ತೆ ಬೆಚ್ಚಗಾಯಿತು. ಸುತ್ತಲಿನ ಸಣ್ಣ ನಾಳಗಳು ಹಿಗ್ಗಿ ರಕ್ತವನ್ನು ತಲುಪಿಸಿದ್ದವು.

1785ರ ಡಿಸೆಂಬರ್‌ನಲ್ಲಿ 45 ವರ್ಷದ ಗಾಡಿ ಚಾಲಕನೊಬ್ಬನಿಗೆ ಅವರು ಶಸ್ತ್ರಚಿಕಿತ್ಸೆ ಮಾಡಿದರು. ಉಬ್ಬನ್ನು ಮುಟ್ಟದೆ, ಮೇಲೆ ತೊಡೆಯಲ್ಲಿ ಆರೋಗ್ಯವಾಗಿದ್ದ ಭಾಗದಲ್ಲಿ ಮುಖ್ಯ ಅಪಧಮನಿಯನ್ನು ಕಟ್ಟಿದರು. ಕಾಲು ಕೊಳೆಯಲಿಲ್ಲ. ಕೆಲವು ವಾರಗಳಲ್ಲಿ ರೋಗಿ ಮನೆಗೆ ಮರಳಿದ. ಸುಮಾರು ಒಂದೂಕಾಲು ವರ್ಷದ ನಂತರ ಆತ ಜ್ವರದಿಂದ ತೀರಿಕೊಂಡಾಗ ಹಂಟರ್ ಆ ಕಾಲನ್ನು ಪಡೆದು ಪರೀಕ್ಷಿಸಿದರು. ತೊಡೆಯಲ್ಲಿ ಹಂಟರ್ ಆ ನಾಳವನ್ನು ಕಟ್ಟಿದ ಜಾಗಕ್ಕೆ ಇಂದಿಗೂ ಅವರದೇ ಹೆಸರಿದೆ.

ಇದರ ಕಾರಣ ಈಗ ಚೆನ್ನಾಗಿ ತಿಳಿದಿದೆ. ಮುಖ್ಯ ನಾಳ ಮುಚ್ಚಿದಾಗ ಅದರಾಚೆ ಒತ್ತಡ ಇಳಿಯುತ್ತದೆ. ಆಗ ಮೊದಲೇ ಇರುವ ಸಣ್ಣ ಕವಲುಗಳಲ್ಲಿ ಹರಿವು ಹೆಚ್ಚುತ್ತದೆ. ಆ ಹರಿವಿನ ಉಜ್ಜುವಿಕೆಯನ್ನು ಒಳಪದರದ ಜೀವಕೋಶಗಳು ಗುರುತಿಸುತ್ತವೆ. ಗೋಡೆಯ ಕೋಶಗಳು ವಿಭಜನೆಗೊಂಡು, ದಿನಗಳು ವಾರಗಳು ಕಳೆದಂತೆ ನಾಳ ಅಗಲವಾಗುತ್ತದೆ. ಆದರೆ ತಡೆ ಹಠಾತ್ತಾಗಿ ಬಂದು ಕವಲುಗಳು ಸಾಲದಿದ್ದರೆ ಅಂಗ ಉಳಿಯದು.

ಹಂಟರ್ 1793ರಲ್ಲಿ, ತಮ್ಮ ಆಸ್ಪತ್ರೆಯ ಸಭೆಯೊಂದರಲ್ಲಿ ಕುಸಿದು ನಿಧನರಾದರು. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಅವರ ಶಿಷ್ಯರು.

ತರಗತಿಯಲ್ಲಿ ಈ ಕಥೆಯನ್ನು ಕೊಂಬು ತಣ್ಣಗಾದಲ್ಲಿಗೆ ನಿಲ್ಲಿಸಿ, ಮುಂದೇನಾಗಬಹುದೆಂದು ಕೇಳಬಹುದು. ಮಕ್ಕಳು ಊಹೆಗಳನ್ನು ಬರೆದ ಮೇಲೆ ಕಥೆ ಮುಂದುವರಿಸಿದರೆ, ಊಹೆ, ಪ್ರಯೋಗ, ಪರಿಶೀಲನೆ ಮೂರನ್ನೂ ಅವರೇ ಹಾದುಹೋಗುತ್ತಾರೆ.